‘ಜೆನ್ಯುಯಿನ್’ ಮತ್ತು ‘ಅಥೆಂಟಿಕ್’ : ಮೂಲಶುದ್ಧಿ-ಪ್ರಾಮಾಣ್ಯಗಳ ವಿವೇಚನೆ

ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಕುರಿತ ಆಂಗ್ಲ ಬರಹಗಳಲ್ಲಿ ‘ಜೆನ್ಯುಯಿನ್’ ಮತ್ತು ‘ಅಥೆಂಟಿಕ್’ ಎಂಬ ಎರಡು ಪದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಕನ್ನಡದಲ್ಲಿ ಬರೆಯುವವರು ಇವೆರಡಕ್ಕೂ ‘ಅಧಿಕೃತ’ವೆಂದೋ ‘ಪ್ರಾಮಾಣಿಕ’ವೆಂದೋ ‘ನೈಜ’ವೆಂದೋ ಬಾಯಿಗೆ ಬಂದ ಪದವನ್ನು ಬಳಸಿ ಮುಂದೆ ಸಾಗುವುದು ವಾಡಿಕೆ. ಇವುಗಳ ವಿರುದ್ಧಪದವಾದ ‘ಸ್ಪ್ಯೂರಿಯಸ್’ ಎಂಬುದಕ್ಕಂತೂ ‘ಖೋಟಾ’ ಎಂಬ ಕಚೇರಿಯ ಮಾತೇ ನಿಂತುಬಿಟ್ಟಿದೆ. ಪದಗಳ ಈ ಸಂಕರವು ಕೇವಲ ಭಾಷಾಂತರದ ಅಸಡ್ಡೆಯಾಗಿದ್ದಲ್ಲಿ ಅದನ್ನು ಕುರಿತು ಬರೆಯುವ ಅಗತ್ಯವಿರಲಿಲ್ಲ. ಕುಂದಕುಂದಾಚಾರ್ಯರ ಕಾಲನಿರ್ಣಯದಂತಹ ಗುರುತರ ವಿಷಯವೂ, ಷಟ್‌ಖಂಡಾಗಮದ ಒಂದು ಸೂತ್ರದ ಪಾಠವೂ ಈ ಸಂಕರದ ಸುಳಿಯಲ್ಲಿ ಸಿಲುಕಿದುವಾದ್ದರಿಂದ ವಿಷಯವು ವಿಚಾರಾರ್ಹವಾಗಿದೆ.

ತುಮಕೂರು ತಾಲ್ಲೂಕಿನ ಹೆಬ್ಬೂರಿನಲ್ಲಿ ದೊರೆತ ಗಂಗ ನವಕಾಮನ ತಾಮ್ರಶಾಸನವನ್ನು ಉದಾಹರಣೆಗೆ ನೋಡಬಹುದು. ಶ್ರೀ ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ ತುಮಕೂರು ಜಿಲ್ಲೆಯದು. ಇಂತಹ ತಾಮ್ರಪಟಗಳನ್ನು ಮುಂದಿಟ್ಟುಕೊಂಡು ಕುಳಿತ ಸಂಶೋಧಕನು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಪಟಗಳು ತಾವು ಹೇಳಿಕೊಳ್ಳುವ ಅರಸನ ಕಾಲದಲ್ಲಿ, ಅವನ ಆಜ್ಞೆಯಿಂದಲೇ ಹುಟ್ಟಿದವೆ? ಪಟಗಳಲ್ಲಿ ಹೇಳಿರುವ ಸಂಗತಿ ನಂಬತಕ್ಕುದೆ? ಮೊದಲನೆಯದು ಹುಟ್ಟಿನ ಪ್ರಶ್ನೆ, ಎರಡನೆಯದು ಪ್ರಾಮಾಣ್ಯದ ಪ್ರಶ್ನೆ. ಒಂದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಇನ್ನೊಂದಕ್ಕೆ ಉತ್ತರ ದೊರೆತಂತಾಗುವುದಿಲ್ಲ.

ಆಂಗ್ಲ ಪದಗಳ ಮೂಲವನ್ನು ನೋಡಿದರೂ ಈ ಭೇದ ಸ್ಪಷ್ಟವಾಗುತ್ತದೆ. ‘ಜೆನ್ಯುಯಿನ್’ ಎಂಬುದು ಲ್ಯಾಟಿನ್ ಮೂಲದ್ದು. ಹುಟ್ಟಿನಿಂದ ಬಂದ, ಸಹಜಾತ ಎಂಬುದು ಅದರ ಅರ್ಥ. ‘ಸ್ಪ್ಯೂರಿಯಸ್’ ಎಂಬುದು ಅದೇ ಭಾಷೆಯಲ್ಲಿ ವಿವಾಹಬಾಹಿರವಾಗಿ ಹುಟ್ಟಿದ ಮಗನಿಗೆ ಇದ್ದ ಹೆಸರು. ಎಂದರೆ ಈ ಜೋಡಿಯು ನಮ್ಮ ಧರ್ಮಶಾಸ್ತ್ರಗಳ ಔರಸ-ಅನೌರಸ ಎಂಬ ಜೋಡಿಗೆ ತೀರ ಸಮೀಪದ್ದು. ‘ಅಥೆಂಟಿಕ್’ ಎಂಬುದು ಗ್ರೀಕ್ ಮೂಲದ್ದು. ಸ್ವಂತ ಅಧಿಕಾರದಿಂದ ನಡೆಯುವವನನ್ನು ಹೇಳುವ ಪದದಿಂದ ಬಂದದ್ದು. ಅದರಲ್ಲಿ ಹುಟ್ಟಿನ ಮಾತಿಗಿಂತ ಅಧಿಕಾರದ, ಮಾನ್ಯತೆಯ ಮಾತು ಮುಂದು. ನ್ಯಾಯಸ್ಥಾನದಲ್ಲಿ ಮೂಲ ಪತ್ರವು ಇಲ್ಲದಿದ್ದರೂ ಅಧಿಕಾರಿಯ ರುಜು-ಮೊಹರು ಬಿದ್ದ ನಕಲು ನಡೆಯುವುದಷ್ಟೆ. ಆ ನಕಲು ಹುಟ್ಟಿನಿಂದ ಮೂಲವಲ್ಲ, ಆದರೂ ಪ್ರಮಾಣ. ಬಿಷಪ್ ರಿಚರ್ಡ್ ವಾಟ್ಸನ್ ಎಂಬ ಆಂಗ್ಲ ಧರ್ಮಾಧಿಕಾರಿಯು ಥಾಮಸ್ ಪೇನ್‌ಗೆ ಉತ್ತರರೂಪವಾಗಿ 1796ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ನೇರವಾಗಿ ನಿರೂಪಿಸಿದ್ದಾನೆ. ಯಾರ ಹೆಸರು ಹೊತ್ತಿದೆಯೋ ಅವರೇ ಬರೆದ ಗ್ರಂಥ ‘ಜೆನ್ಯುಯಿನ್’; ನಡೆದುದನ್ನು ನಡೆದಂತೆ ಹೇಳುವ ಗ್ರಂಥ ‘ಅಥೆಂಟಿಕ್’; ಒಂದು ಗುಣವಿದ್ದು ಇನ್ನೊಂದಿಲ್ಲದಿರುವುದು ಸಾಧ್ಯ ಎಂಬುದು ಅವನ ಮತದ ಸಾರ. ಅನಂತರದ ಆಂಗ್ಲ ಲೇಖಕರು ಈ ಗೆರೆಯನ್ನು ಎಲ್ಲ ಕಡೆಯೂ ಪಾಲಿಸಿಲ್ಲವೆಂಬುದು ನಿಜ. ಲೋಕವ್ಯವಹಾರದಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಶಾಸ್ತ್ರದಲ್ಲಿ ಹಾಗಾಗಬಾರದು.

ಪ್ರಕೃತ ಲೇಖನದ ಮಟ್ಟಿಗೆ ಮೊದಲನೆಯದಕ್ಕೆ ‘ಮೂಲಶುದ್ಧ’ವೆಂದೂ ಎರಡನೆಯದಕ್ಕೆ ‘ಪ್ರಮಾಣಭೂತ’ವೆಂದೂ ಇಟ್ಟುಕೊಳ್ಳಬಹುದು. ‘ಔರಸ’ವೆಂಬುದು ಅರ್ಥಕ್ಕೆ ಹೊಂದಿದರೂ ತಾಮ್ರಪಟಕ್ಕೆ ಆ ವಿಶೇಷಣವನ್ನು ಹಚ್ಚಿದರೆ ಓದುವವರಿಗೆ ನಗೆ ಬಂದೀತು. ‘ಖೋಟಾ’ ಎಂಬುದನ್ನು ಮಾತ್ರ ಕೈಬಿಡುವುದೇ ಲೇಸು. ಅದಕ್ಕೆ ಸಮಾನವಾದ ಪ್ರಾಚೀನ ಪದ ‘ಕೂಟಶಾಸನ’. ಮನುಸ್ಮೃತಿಯು ಕೂಟಶಾಸನ ಮಾಡುವವನಿಗೆ ವಧದಂಡವನ್ನೇ ವಿಧಿಸುತ್ತದೆ. ಹರ್ಷವರ್ಧನನ ಮಧುಬನ್ ತಾಮ್ರಶಾಸನದಲ್ಲಿ (631) ಒಂದು ಗ್ರಾಮವನ್ನು ಒಬ್ಬನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನೆಂದೂ, ಅರಸನು ಅದನ್ನು ರದ್ದುಪಡಿಸಿ ಗ್ರಾಮವನ್ನು ಬೇರೆಯವರಿಗೆ ದತ್ತಿಯಾಗಿ ಕೊಟ್ಟನೆಂದೂ ಹೇಳಿದೆ. ಕೂಟವೆಂದರೆ ವಂಚಿಸುವ ಉದ್ದೇಶ ಇರಲೇಬೇಕು. ಮೂಲಶುದ್ಧವಲ್ಲದ ಪ್ರತಿಯೊಂದು ಪಟದ ಹಿಂದೆಯೂ ಆ ಉದ್ದೇಶವಿತ್ತೆಂದು ಹೇಳಲು ಆಧಾರವಿಲ್ಲ.

ಈ ಭೇದವನ್ನು ಗ್ರಹಿಸುವುದು ಜೈನ ಪಂಡಿತರಿಗೆ ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಕಷ್ಟ. ಆಗಮದ ಪ್ರಾಮಾಣ್ಯವು ವಕ್ತೃವಿನ ಆಪ್ತತ್ವದಿಂದ ಸಿದ್ಧಿಸುತ್ತದೆಂಬುದು ಸಮಂತಭದ್ರರಿಂದ ಮಾಣಿಕ್ಯನಂದಿಯವರೆಗೆ ಎಲ್ಲ ಆಚಾರ್ಯರಿಗೂ ಸಮ್ಮತವಾದ ಸಿದ್ಧಾಂತ. ಹೇಳಿದವನು ವೀತರಾಗನೂ ಸರ್ವಜ್ಞನೂ ಆಗಿದ್ದುದರಿಂದ ಮಾತು ಪ್ರಮಾಣ. ಇಲ್ಲಿ ಹುಟ್ಟು ಮತ್ತು ಪ್ರಾಮಾಣ್ಯ ಒಂದಕ್ಕೊಂದು ಬೆಸೆದುಕೊಂಡಿವೆ. ಆದ್ದರಿಂದ ಗ್ರಂಥದ ಕರ್ತೃತ್ವವನ್ನು ಯಾರಾದರೂ ಸಂಶಯಿಸಿದ ಕೂಡಲೆ ಗ್ರಂಥದ ಪ್ರಾಮಾಣ್ಯಕ್ಕೇ ಕೊಡಲಿಯೆತ್ತಿದರೆಂಬ ಭಾವನೆ ಮೂಡುವುದು ಸಹಜ. ಆದರೆ ಅದೇ ಪರಂಪರೆಯು ಅರ್ಥಕರ್ತೃ-ಗ್ರಂಥಕರ್ತೃ ಎಂಬ ವಿಭಾಗವನ್ನೂ ಮಾಡಿದೆ. ಅರ್ಥವನ್ನು ಉಪದೇಶಿಸಿದವರು ತೀರ್ಥಂಕರರು; ಗ್ರಂಥವಾಗಿ ಹೆಣೆದವರು ಗಣಧರರು. ವೀರಸೇನಸ್ವಾಮಿಗಳು ಧವಲಾ ಟೀಕೆಯ ಆರಂಭದಲ್ಲಿಯೇ ಇದನ್ನು ವಿಸ್ತರಿಸಿದ್ದಾರೆ. ತತ್ತ್ವಾರ್ಥಸೂತ್ರದ ಕರ್ತೃವಿನ ಹೆಸರು ಉಮಾಸ್ವಾತಿಯೋ ಉಮಾಸ್ವಾಮಿಯೋ ಗೃಧ್ರಪಿಂಛರೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದರ ಪ್ರಾಮಾಣ್ಯವನ್ನು ದಿಗಂಬರ-ಶ್ವೇತಾಂಬರರಲ್ಲಿ ಯಾರೂ ಪ್ರಶ್ನಿಸಿಲ್ಲ. ಮೂಲಾಚಾರವನ್ನು ವಟ್ಟಕೇರರದೆಂದು ಹೇಳುವವರೂ ಉಂಟು, ಕುಂದಕುಂದರದೆಂದು ಹೇಳುವ ಪ್ರತಿಗಳೂ ಉಂಟು. ಮುನಿಗಳ ಆಚಾರಕ್ಕೆ ಅದೇ ಪ್ರಮಾಣವಾಗಿ ನಡೆದುಬಂದಿದೆ. ಪದಗಳು ಬೇರೆಯಿರಲಿಲ್ಲವೇ ಹೊರತು ವಿವೇಕವು ಮೊದಲಿನಿಂದಲೂ ಇತ್ತು.

ಇನ್ನು ಗಂಗರ ತಾಮ್ರಶಾಸನಗಳ ವಿಷಯ. ಡಾ. ಜೆ. ಎಫ್. ಫ್ಲೀಟ್ ಅವರು ಇವುಗಳಲ್ಲಿ ಬಹುಭಾಗವನ್ನು ‘ಸ್ಪ್ಯೂರಿಯಸ್’ ಎಂದು ತಳ್ಳಿಹಾಕಿದರು. ರೈಸ್ ಅವರು ಹೆಚ್ಚುಕಡಿಮೆ ಎಲ್ಲವನ್ನೂ ಎತ್ತಿಹಿಡಿದರು. ಇಬ್ಬರ ವಿವಾದವು ದಶಕಗಳ ಕಾಲ ನಡೆಯಿತು. ಇಬ್ಬರದೂ ಒಂದೇ ತಪ್ಪು, ದಿಕ್ಕು ಮಾತ್ರ ಬೇರೆ. ಲಿಪಿಯು ಕಾಲಕ್ಕೆ ಹೊಂದುವುದಿಲ್ಲವೆಂದು ತೋರಿಸಿದ ಫ್ಲೀಟ್ ಅವರು ಅಷ್ಟಕ್ಕೇ ನಿಲ್ಲದೆ ಪಟಗಳಲ್ಲಿ ಹೇಳಿದ ವಂಶಾವಳಿಯೇ ಕಟ್ಟುಕಥೆಯೆಂದರು. ವಂಶಾವಳಿಯಲ್ಲಿ ಹುರುಳಿದೆಯೆಂದು ಕಂಡ ರೈಸ್ ಅವರು ಪಟಗಳೂ ಆಯಾ ಕಾಲದವೇ ಎಂದು ಹಟ ಹಿಡಿದರು. ಪೆನುಕೊಂಡೆಯ ತಾಮ್ರಪಟಗಳು ಬೆಳಕಿಗೆ ಬಂದ ಮೇಲೆ ಅವುಗಳ ಮೂಲಶುದ್ಧಿಯನ್ನು 1915ರಲ್ಲಿ ಫ್ಲೀಟ್ ಅವರೇ ಒಪ್ಪಬೇಕಾಯಿತು. ಅದರಿಂದ ಆರಂಭದ ಗಂಗ ಅರಸರು ಕಲ್ಪಿತ ವ್ಯಕ್ತಿಗಳಲ್ಲವೆಂದು ಸಿದ್ಧವಾಯಿತು. ಹಾಗೆಂದು ಮೊದಲು ಸಂಶಯಿತವಾಗಿದ್ದ ಪಟಗಳೆಲ್ಲ ಒಮ್ಮೆಗೇ ಮೂಲಶುದ್ಧವಾಗಿ ಬಿಡಲಿಲ್ಲ. ಹೆಬ್ಬೂರಿನ ಪಟಗಳನ್ನು ಕುರಿತು ಮಾತನಾಡುವವರೂ ಲಿಪಿಯ ವಿಚಾರವನ್ನು ಒಂದು ಕಡೆ, ವಂಶಾವಳಿಯ ವಿಚಾರವನ್ನು ಇನ್ನೊಂದು ಕಡೆ ಇಟ್ಟು ಪರೀಕ್ಷಿಸುವುದು ಕ್ರಮ.

ಈ ವಿವಾದದಲ್ಲಿ ಜೈನ ವಿದ್ವಾಂಸರಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಸಂಬಂಧಿಸಿದ್ದು ಮಡಿಕೇರಿಯ ತಾಮ್ರಶಾಸನ. ರೈಸ್ ಅವರು 1872ರಲ್ಲಿ ಇಂಡಿಯನ್ ಆಂಟಿಕ್ವರಿಯ ಮೊದಲ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಗಂಗ ಅವಿನೀತನ ಕಾಲದ್ದೆಂದು ಹೇಳಿಕೊಳ್ಳುವ ಈ ಶಾಸನದಲ್ಲಿ 388ನೆಯ ವರ್ಷವೆಂದಿದೆ. ಅದು ಶಕವರ್ಷವಾದರೆ ಕ್ರಿ. ಶ. 466 ಆಗುತ್ತದೆ. ತಳವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಗ್ರಾಮವನ್ನು ಕೊಟ್ಟ ವಿಷಯ ಇದರಲ್ಲಿದೆ. ದಾನ ಪಡೆದವರು ದೇಸಿಗಗಣದ ಕೊಂಡಕುಂದಾನ್ವಯದವರು. ಗುಣಚಂದ್ರಭಟಾರರಿಂದ ಮೊದಲಾಗಿ ಆರು ಗುರುಗಳ ಪರಂಪರೆಯನ್ನು ಹೇಳಿದೆ. ಕುಂದಕುಂದರ ಕಾಲವನ್ನು ಅರಸುತ್ತಿದ್ದವರಿಗೆ ಇದು ನಿಧಿಯಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. 466ರಲ್ಲಿಯೇ ಅನ್ವಯವು ಪ್ರಸಿದ್ಧವಾಗಿದ್ದರೆ, ಆರು ಪೀಳಿಗೆಗಳಿಗೆ ನೂರು ನೂರೈವತ್ತು ವರ್ಷಗಳನ್ನು ಕಳೆದು, ಆಚಾರ್ಯರು ಅದಕ್ಕೂ ಹಿಂದಿನವರೆಂದು ಗಣಿತ ಹಾಕಲಾಯಿತು. ಡಾ. ಆ. ನೇ. ಉಪಾಧ್ಯೆಯವರು 1935ರ ಪ್ರವಚನಸಾರದ ವಿಸ್ತಾರವಾದ ಆಂಗ್ಲ ಪೀಠಿಕೆಯಲ್ಲಿ ಅಂದಿನವರೆಗಿನ ಮತಗಳನ್ನೆಲ್ಲ ಪರಾಮರ್ಶಿಸಿ ಕುಂದಕುಂದರನ್ನು ಕ್ರಿಸ್ತಶಕದ ಆರಂಭದ ಸುಮಾರಿಗೆ ಇರಿಸಿದರು. ಆ ನಿರ್ಣಯಕ್ಕೆ ಬೇರೆ ಆಧಾರಗಳೂ ಉಂಟು. ಆದರೆ ಉಪಾಧ್ಯೆಯವರ ಎಚ್ಚರವಿಲ್ಲದ ಅನೇಕರು ಮಡಿಕೇರಿಯ ಪಟವೊಂದನ್ನೇ ಕಂಬವಾಗಿ ನೆಟ್ಟು ಅದರ ಮೇಲೆ ಕಾಲಗಣನೆಯ ಮಾಳಿಗೆ ಕಟ್ಟಿದ್ದಾರೆ.

ಕಂಬದ ಬುಡವನ್ನು ನೋಡಬೇಕು. ಪಟದ ಲಿಪಿಯು ಒಂಬತ್ತು-ಹತ್ತನೆಯ ಶತಮಾನದ್ದೆಂದು ಲಿಪಿಜ್ಞರ ಅಭಿಪ್ರಾಯ. ದಿನವನ್ನು ಸೋಮವಾರವೆಂದು ಹೇಳಿದೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಖಚಿತವಾಗಿ ಕಾಣಿಸಿಕೊಳ್ಳುವುದು ಬುಧಗುಪ್ತನ ಕಾಲದ 484ರ ಏರಣ್ ಸ್ತಂಭಶಾಸನದಲ್ಲಿ ಎಂಬುದು ಪ್ರಸಿದ್ಧ. ದಾನದ ಸಂದರ್ಭದಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯ ಪ್ರಸ್ತಾಪವಿದೆ; ಅಕಾಲವರ್ಷವೆಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ರಾಷ್ಟ್ರಕೂಟ ಸಾಮ್ರಾಜ್ಯವು ತಲೆಯೆತ್ತಿದ್ದೇ ಎಂಟನೆಯ ಶತಮಾನದಲ್ಲಿ. ಇಷ್ಟೇ ಸಾಕಾಗಿತ್ತು. ಇದಕ್ಕಿಂತ ಬಲವತ್ತರವಾದ ಸಾಕ್ಷಿ ಬದನಗುಪ್ಪೆಯ ತಾಮ್ರಪಟಗಳಲ್ಲಿದೆ. ಶಕ 730ರಲ್ಲಿ, ಎಂದರೆ 808ರ ಸುಮಾರಿಗೆ, ಗಂಗವಾಡಿಯನ್ನು ಆಳುತ್ತಿದ್ದ ರಾಷ್ಟ್ರಕೂಟ ರಾಜಪುತ್ರ ರಣಾವಲೋಕ ಕಂಬನು ತನ್ನ ಮಗ ಶಂಕರಗಣ್ಣನ ಬಿನ್ನಹದ ಮೇರೆಗೆ ಇದೇ ಗ್ರಾಮವನ್ನು, ಇದೇ ತಳವನನಗರದ ಶ್ರೀವಿಜಯ ಬಸದಿಗೆ, ಕೊಂಡಕುಂದಾನ್ವಯದ ಕುಮಾರನಂದಿಭಟಾರರ ಶಿಷ್ಯ ಏಳವಾಚಾರ್ಯರ ಶಿಷ್ಯರಾದ ವರ್ಧಮಾನಗುರುಗಳಿಗೆ ಕೊಟ್ಟಿದ್ದಾನೆ. ಊರು ಒಂದೇ, ಬಸದಿ ಒಂದೇ, ಅನ್ವಯ ಒಂದೇ. ಮುನ್ನೂರ ನಲವತ್ತು ವರ್ಷಗಳ ಹಿಂದೆಯೇ ಅವಿನೀತನ ಕಾಲದಲ್ಲಿ ಬಸದಿಗೆ ಸಂದ ಊರನ್ನು ಕಂಬನು ಮತ್ತೆ ಹೊಸದಾಗಿ ಕೊಡುವುದೆಂತು? ಶ್ರೀವಿಜಯನೆಂಬ ಗಂಗ ಸೇನಾಪತಿಯು ಮಣ್ಣೆಯಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ 797ರ ಮಣ್ಣೆಯ ಶಾಸನದಿಂದ ತಿಳಿದಿದೆ. ‘ಶ್ರೀವಿಜಯ’ ಎಂಬ ಹೆಸರಿನ ಬಸದಿಯೂ ಆ ಕಾಲದ ಸುತ್ತಮುತ್ತಲಿನದೇ ಎಂದು ಊಹಿಸಲು ಇಷ್ಟು ಸಾಕು.

ಆದ್ದರಿಂದ ಮಡಿಕೇರಿಯ ಪಟವು ಮೂಲಶುದ್ಧವಲ್ಲ. ಇಷ್ಟನ್ನು ಒಪ್ಪಲು ಹಿಂಜರಿಯುವುದರಿಂದ ಕುಂದಕುಂದರ ಹಿರಿಮೆಗೆ ಯಾವ ಲಾಭವೂ ಇಲ್ಲ. ಆದರೆ ಇದನ್ನು ಒಪ್ಪಿದ ಆಧುನಿಕರು ಕೂಡಲೆ ‘ಖೋಟಾ’ ಎಂದು ಮೂಲೆಗೆ ಎಸೆಯುವುದೂ ಅವಿಚಾರವೇ. ಒಂಬತ್ತು-ಹತ್ತನೆಯ ಶತಮಾನದ ದಾಖಲೆಯಾಗಿ ಅದನ್ನು ಓದಿದರೆ ಅದು ಬೇಕಾದಷ್ಟು ಹೇಳುತ್ತದೆ: ತಲಕಾಡಿನ ಆ ಬಸದಿಯು ಆಗ ಇನ್ನೂ ನಡೆಯುತ್ತಿತ್ತು, ಬದನಗುಪ್ಪೆಯ ಹಕ್ಕನ್ನು ಉಳಿಸಿಕೊಳ್ಳುವ ಅಗತ್ಯ ಅದಕ್ಕೆ ಒದಗಿತ್ತು, ಅಲ್ಲಿಯ ಮುನಿಗಳು ತಮ್ಮನ್ನು ದೇಸಿಗಗಣದವರೆಂದು ಕರೆದುಕೊಳ್ಳುತ್ತಿದ್ದರು, ತಮ್ಮ ಗುರುಪರಂಪರೆಯ ಆರು ಹೆಸರುಗಳನ್ನು ನೆನಪಿನಲ್ಲಿಟ್ಟಿದ್ದರು. ಈ ಸಂಗತಿಗಳಿಗೆ ಅದು ಪ್ರಮಾಣಭೂತ. 466ಕ್ಕೆ ಅಲ್ಲ. ಕೊಂಡಕುಂದಾನ್ವಯಕ್ಕೆ ಸಂಬಂಧಿಸಿದಂತೆ ಕಾಲು ಗಟ್ಟಿಯಾಗಿ ಊರಬಹುದಾದ ನೆಲವು ತೋರಣಾಚಾರ್ಯ, ಪುಷ್ಪನಂದಿ, ಪ್ರಭಾಚಂದ್ರರನ್ನು ಹೆಸರಿಸುವ ಮಣ್ಣೆಯ ಶಾಸನಗಳು ಮತ್ತು ಮೇಲೆ ಹೇಳಿದ ಬದನಗುಪ್ಪೆಯ ಶಾಸನ. ಶ್ರೀ ಮಧುಸೂದನ ಢಾಕಿಯವರು 1991ರಲ್ಲಿ ಪ್ರಕಟವಾದ ಲೇಖನದಲ್ಲಿ ಕುಂದಕುಂದರನ್ನು ಎಂಟನೆಯ ಶತಮಾನಕ್ಕೆ ಎಳೆತಂದರು. ಅನ್ವಯದ ಹೆಸರು ಶಾಸನಗಳಲ್ಲಿ ಮೊದಲು ಕಾಣಿಸಿಕೊಂಡ ಕಾಲವನ್ನೇ ಆಚಾರ್ಯರ ಕಾಲವೆಂದು ಹಿಡಿಯುವುದೂ ನ್ಯಾಯವಲ್ಲ. ಪಟವೊಂದು ಬಿದ್ದಿತೆಂದರೆ ಪಟವನ್ನು ಅವಲಂಬಿಸಿದ ವಾದ ಬಿದ್ದಿತೇ ಹೊರತು ಅದರ ವಿರುದ್ಧಪಕ್ಷ ತಾನಾಗಿ ಸಿದ್ಧವಾಗಲಿಲ್ಲ. ಸಮಯಸಾರವು ಪ್ರಮಾಣವಾಗಿರುವುದು ಶತಮಾನದ ಅಂಕೆಯಿಂದಲ್ಲವೆಂಬುದನ್ನು ಪಂಡಿತರಿಗೆ ಹೇಳಬೇಕಾದುದಿಲ್ಲ.

ಮೂಲಶುದ್ಧವಲ್ಲದಿದ್ದರೂ ಪ್ರಾಮಾಣಿಕವಾದ ಲೇಖ ಹೇಗಿರುತ್ತದೆಂಬುದಕ್ಕೆ ಕೊಣ್ಣೂರಿನ ಶಿಲಾಶಾಸನ ಉತ್ತಮ ನಿದರ್ಶನ. ಅಮೋಘವರ್ಷನು ಬಂಕೆಯನ ಬಿನ್ನಹದಂತೆ ಕೊಳನೂರಿನ ಜಿನಾಲಯಕ್ಕಾಗಿ ದೇವೇಂದ್ರಮುನಿಗಳಿಗೆ ಶಕ 782ರಲ್ಲಿ (860) ಕೊಟ್ಟ ದಾನ ಇದರ ವಿಷಯ. ಕಲ್ಲಿನ ಅಕ್ಷರಗಳು ಮಾತ್ರ ಹನ್ನೆರಡನೆಯ ಶತಮಾನದವು. ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಇದನ್ನು ಸಂಪಾದಿಸಿದಾಗ ತಲೆಬರಹದಲ್ಲಿಯೇ ‘ಸ್ಪ್ಯೂರಿಯಸ್’ ಎಂಬ ಪದವನ್ನು ಸೇರಿಸಿದರು. ಆದರೆ ಆ ಕಲ್ಲು ಯಾರನ್ನೂ ವಂಚಿಸುವುದಿಲ್ಲ. ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿಗಳು ತಾಮ್ರಶಾಸನವನ್ನು ನೋಡಿ, ಕೊಳನೂರಿನ ಮಹಾಪ್ರಭು ಹುಲಿಯಮರಸ ಮೊದಲಾದವರ ಪ್ರಾರ್ಥನೆಯಂತೆ ಅದನ್ನು ಶಿಲೆಯಲ್ಲಿ ಬರೆಯಿಸಿದರೆಂದು ಅದೇ ಕಲ್ಲಿನಲ್ಲಿ ಬಿಚ್ಚಿ ಹೇಳಿದೆ. ತಾನು ನಕಲೆಂದು ತಾನೇ ಹೇಳಿಕೊಳ್ಳುವ ಲೇಖವನ್ನು ಆ ಪದದಿಂದ ಕರೆಯುವುದು ಎಷ್ಟರಮಟ್ಟಿಗೆ ಉಚಿತ? ಪುತ್ರರ ಉಪಮೆಯನ್ನೇ ಮುಂದುವರಿಸುವುದಾದರೆ ಇದು ಔರಸನಲ್ಲ, ದತ್ತಕ. ಊರೆಲ್ಲರ ಮುಂದೆ ದತ್ತು ಹೋದವನು. ತಾಮ್ರದಿಂದ ಕಲ್ಲಿಗೆ ಇಳಿಯುವಾಗ ಗಣ-ಗಚ್ಛಗಳ ವಿಶೇಷಣಗಳು ಹನ್ನೆರಡನೆಯ ಶತಮಾನದ ರೂಢಿಯಂತೆ ಸೇರಿಕೊಂಡಿರಬಹುದು. ಆ ಅಂಶಗಳನ್ನು 860ಕ್ಕೆ ಹೊರಿಸುವ ಮೊದಲು ತಡೆಯಬೇಕು. ಅದು ಪ್ರತಿಲೇಖನದ ಸಹಜ ದೋಷ, ಕೂಟವಲ್ಲ. ಫ್ರಾನ್ಸಿನ ಕ್ರೈಸ್ತ ಮಠಗಳ ಹಳೆಯ ದಾನಪತ್ರಗಳನ್ನು ಪಾಪೆಬ್ರೋಕ್ ಎಂಬ ವಿದ್ವಾಂಸನು 1675ರಲ್ಲಿ ಸಗಟಾಗಿ ಸಂಶಯಿಸಿದಾಗ, ಮಾಬಿಯೋಂ ಎಂಬ ಸಂನ್ಯಾಸಿಯು 1681ರಲ್ಲಿ ಪತ್ರಪರೀಕ್ಷೆಯ ಶಾಸ್ತ್ರವನ್ನೇ ರಚಿಸಿ ಉತ್ತರ ಕೊಟ್ಟನು. ಮಠಗಳು ತಮ್ಮ ಹಕ್ಕಿನ ಪತ್ರಗಳನ್ನು ಪುನಃ ಬರೆದಿಟ್ಟುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ಸಂಗತಿ.

ಗ್ರಂಥಗಳಿಗೆ ಬಂದರೆ ಶ್ರೀ ಜುಗಲಕಿಶೋರ ಮುಖ್ತಾರರ ‘ಗ್ರಂಥಪರೀಕ್ಷಾ’ವನ್ನು ಸ್ಮರಿಸಬೇಕು. ಕುಂದಕುಂದರ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಶ್ರಾವಕಾಚಾರವು ಶ್ವೇತಾಂಬರ ಜಿನದತ್ತಸೂರಿಗಳ ವಿವೇಕವಿಲಾಸದಿಂದ ಎತ್ತಿಕೊಂಡದ್ದೆಂದು ಅವರು ತೋರಿಸಿದರು. ಅಲ್ಲಿ ಕೂಟವೆಂಬ ಪದ ಸಲ್ಲುತ್ತದೆ. ಹೆಚ್ಚಿನ ವಿಚಾರ ಬೇಕಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಷಟ್‌ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದ ವಿಷಯ. ಡಾ. ಹೀರಾಲಾಲ ಜೈನರು 1939ರಲ್ಲಿ ಧವಲಾ ಸಹಿತವಾಗಿ ಮೊದಲ ಸಂಪುಟವನ್ನು ಅಚ್ಚು ಮಾಡಿಸಿದಾಗ ಮೂಡುಬಿದಿರೆಯ ಸಿದ್ಧಾಂತಬಸದಿಯ ತಾಳೆಯೋಲೆಗಳು ಅವರ ಕೈಗೆ ಬಂದಿರಲಿಲ್ಲ; ನಕಲಿನ ನಕಲುಗಳೇ ಆಧಾರ. ಮಾನುಷಿಯರ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಬಿಟ್ಟುಹೋಗಿರುವಂತಿದೆಯೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅಷ್ಟಕ್ಕೆ ದೊಡ್ಡ ಕೋಲಾಹಲವೇ ಎದ್ದಿತು. ಆ ಪದವಿದ್ದರೆ ಸ್ತ್ರೀಯರಿಗೆ ಸಂಯಮ ಗುಣಸ್ಥಾನಗಳು ಸಿದ್ಧವಾಗಿ, ಸ್ತ್ರೀಮುಕ್ತಿಯನ್ನು ಹೇಳುವವರ ಪಕ್ಷಕ್ಕೆ ನಮ್ಮ ಆಗಮವೇ ಸಾಕ್ಷಿ ನುಡಿದಂತಾಗುವುದೆಂಬ ಭಯ ಅನೇಕ ಪಂಡಿತರದು. ಮೂಡುಬಿದಿರೆಯ ಓಲೆಗಳನ್ನು ನೋಡಿದಾಗ ‘ಸಂಜದ’ ಎಂಬುದು ಅಲ್ಲಿ ಇತ್ತು.

ಇಲ್ಲಿಯೂ ಎರಡು ಪ್ರಶ್ನೆಗಳನ್ನು ಒಂದಾಗಿಸಿದ್ದರಿಂದಲೇ ಗೊಂದಲವಾಯಿತು. ಪಾಠವು ಮೂಲಶುದ್ಧವೆ ಎಂಬುದನ್ನು ಓಲೆಯೇ ಹೇಳಬೇಕು, ಹೇಳಿತು. ಸೂತ್ರದ ತಾತ್ಪರ್ಯವೇನೆಂಬುದು ಬೇರೆ ವಿಚಾರ. ‘ಮಾನುಷಿ’ ಎಂಬಲ್ಲಿ ವಿವಕ್ಷೆ ಭಾವವೇದದ್ದು, ದ್ರವ್ಯಶರೀರದ್ದಲ್ಲ ಎಂದು ದಿಗಂಬರ ಪರಂಪರೆಯು ಸಮಾಧಾನ ಹೇಳುತ್ತ ಬಂದಿದೆ. ಸ್ವತಃ ವೀರಸೇನಸ್ವಾಮಿಗಳು ಇದೇ ಸೂತ್ರದ ಟೀಕೆಯಲ್ಲಿ ಪೂರ್ವಪಕ್ಷವನ್ನು ಎತ್ತಿ ಪರಿಹರಿಸಿದ್ದಾರೆ. ಪದವೇ ಇಲ್ಲದಿದ್ದಲ್ಲಿ ಆ ಪೂರ್ವಪಕ್ಷಕ್ಕೆ ಎಡೆಯೆಲ್ಲಿ? ಸಿದ್ಧಾಂತವನ್ನು ಕಾಪಾಡುವ ಉತ್ಸಾಹದಲ್ಲಿ ಪದವನ್ನು ಕೈಬಿಡಬಯಸಿದವರು ಟೀಕಾಕಾರರ ಪರಿಶ್ರಮವನ್ನೇ ನಿರರ್ಥಕಗೊಳಿಸುತ್ತಿದ್ದರು. ಸೂತ್ರದ ಅರ್ಥವನ್ನು ಕುರಿತು ಎಷ್ಟು ಕಾಲ ಬೇಕಾದರೂ ವಾದಿಸಲು ಅವಕಾಶವಿದೆ. ಓಲೆಯಲ್ಲಿರುವ ಆ ಮೂರು ಅಕ್ಷರಗಳನ್ನು ಕುರಿತು ವಾದಿಸಲು ಅವಕಾಶವಿಲ್ಲ.